ಗಿರಣಿ ನಿಂತ ಮೇಲೆ

ನ್ಯಾಮತಿ
15 ನವೆಂಬರ್ 2025, ಶನಿವಾರ

ಪ್ರೀತಿಯ ಜ್ಯೋತಿ,

‘ದೊಡ್ಡ ದನಿಯವಳಿಗೆ ಯಾವ ಮನೆಯೂ ಚಿಕ್ಕದೇ’ ಎಂದು ಹಾಸ್ಟೆಲಿನಲ್ಲಿ ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯ ಮೇಲೆ ಬರೆದಿದ್ದೆಯಲ್ಲವೇ? ಅಥವಾ ‘ದೊಡ್ಡ ದನಿ ಮನೆಯನ್ನೂ ದೊಡ್ಡದು ಮಾಡುತ್ತದೆ’ ಎಂದಿತ್ತೋ? ಎರಡು ದಿನದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಎರಡನೆಯದೇ ಆಗಿದ್ದರೆ ಅದು ಸುಳ್ಳು ಕಣೇ. ನಾನು ಇದ್ದು ನೋಡಿದ್ದೇನೆ.

ಕಾಗದ ನೋಡಿ ಆಶ್ಚರ್ಯಪಟ್ಟಿರುತ್ತೀಯ. ಗುರುವಾರದಿಂದ ನನ್ನ ಫೋನು ನಮ್ಮನೆಯವರ ಅಂಗಡಿಯ ಡ್ರಾಯರಿನಲ್ಲಿದೆ. ಅದಕ್ಕೇ ನಿನಗೆ ಉತ್ತರ ಬಂದಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಇಪ್ಪತ್ತೆಂಟಕ್ಕೆ ನಿಮ್ಮ ಜಗಳೂರಿನ ಕಾಲೇಜಿಗೆ ಬಂದು ಹಾಡಲು ನನ್ನಿಂದಾಗದು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿಸಬೇಡ.

ತಪ್ಪಿನಲ್ಲಿ ನಿನಗೂ ಪಾಲಿದೆ. ಆಗಸ್ಟಿನಲ್ಲಿ ಫೋನಿಗೆ ಆ ಹುಡುಗಿಯರ ಹಾಡುಗಳನ್ನು ಕಳಿಸಿದವಳು ನೀನು. ಇವರು ಸಿನಿಮಾಕ್ಕೆ ಹಾಡುವವರಲ್ಲ, ತಾವೇ ಬರೆದು ತಾವೇ ಹಾಡುವವರು, ಇದನ್ನು ಇಂಡಿ ಪಾಪ್ ಅನ್ನುತ್ತಾರೆ ಎಂದೆಲ್ಲ ಪಾಠ ಮಾಡಿದ್ದೆ. ನಾನು ಚಪಾತಿ ಹಿಟ್ಟಿನ ಕೈಯಲ್ಲೇ ಒಂದನ್ನು ಹಚ್ಚಿದೆ. ಅದನ್ನು ಹಾಡಿದ ಹುಡುಗಿ ಮೊದಲು ತನ್ನೊಳಗೇ ಮಾತಾಡಿಕೊಂಡಂತೆ ಶುರು ಮಾಡಿದಳು. ಇಷ್ಟೇನಾ ಅಂದುಕೊಂಡೆ. ಆಮೇಲೆ ನಮ್ಮ ಕಡೆಯ ಸೂಳೆಕೆರೆಯ ತೂಬು ಎತ್ತಿದ ಹಾಗೆ ಗಂಟಲು ತೆರೆದಳು ನೋಡು! ಯಾರಿಗೂ ಹೆದರದೆ, ಚೆಂದ ಕಾಣಬೇಕೆಂದು ತುಟಿ ಬಿಗಿಹಿಡಿಯದೆ. ಅರ್ಧ ಮಾತು ಅರ್ಥವಾಗಲಿಲ್ಲ. ನಾನು ಒಲೆಯ ಮುಂದೆ ಕೂತುಬಿಟ್ಟೆ.

ನನ್ನದೂ ಅಂಥದೇ ದನಿಯಲ್ಲವೇ? ಮದುವೆಯಾದ ಹೊಸದರಲ್ಲಿ ಒಂದು ತೊಟ್ಟಿಲ ಶಾಸ್ತ್ರದಲ್ಲಿ ಹಾಡಿದೆ. ಮಾವನವರು ಬೈಯಲಿಲ್ಲ. “ಸೊಸಿ ದನಿ ಬೀದಿಗೆ ಕೇಳಬಾರ್ದು ಕಣಮ್ಮ, ಮೆಲ್ಲಗೆ” ಅಂದರು, ಅಷ್ಟೆ. ಆ ಒಂದು ‘ಮೆಲ್ಲಗೆ’ಯಲ್ಲಿ ಇಪ್ಪತ್ಮೂರು ವರ್ಷ ಕಳೆದವು. ಇಷ್ಟರಲ್ಲಿ ಜನರ ಮುಂದೆ ಒಮ್ಮೆ ಮಾತ್ರ ಪೂರ್ತಿ ದನಿ ತೆಗೆದಿದ್ದೇನೆ, ಅದೇ ಮಾವನವರು ತೀರಿಕೊಂಡ ದಿನ. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ಆವತ್ತು ಎಲ್ಲರೂ ಹೊಗಳಿದರು.

ನಿನ್ನ ಹಾಡು ಬಂದ ಮೇಲೆ ದಾರಿಯೊಂದು ಸಿಕ್ಕಿತ್ತು. ನಮ್ಮ ಹಿಂದಿನ ಕೋಣೆಗೆ ಅಂಟಿಕೊಂಡೇ ತಿಪ್ಪಮ್ಮನ ಹಿಟ್ಟಿನ ಗಿರಣಿಯಿದೆ. ಬೆಳಿಗ್ಗೆ ಹತ್ತಕ್ಕೆ ಅದು ಶುರುವಾದರೆ ಮನೆಯೊಳಗೆ ಪಕ್ಕದವರ ಮಾತೂ ಕೇಳದು. ಆ ಹೊತ್ತಿಗೆ ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು, ಗಿರಣಿಯ ಗೋಡೆಗೆ ಬೆನ್ನು ಕೊಟ್ಟು ಆ ಹುಡುಗಿಯರ ಜೊತೆ ಹಾಡುತ್ತಿದ್ದೆ. ದಿನಕ್ಕೆ ಎರಡು ಹಾಡು. ಮಿಕ್ಕ ಹೊತ್ತೆಲ್ಲ ಅದರ ನಂಬಿಕೆಯಲ್ಲೇ ಕಳೆಯುತ್ತಿತ್ತು.

ಗುರುವಾರ ನಾನು ಹಾಡುತ್ತಿದ್ದಾಗ ಕರೆಂಟು ಹೋಯಿತು. ಗಿರಣಿ ನಿಂತಿತು. ಕಿವಿಯಲ್ಲಿ ಹಾಡು ಓಡುತ್ತಿದ್ದುದರಿಂದ ನನಗೆ ಗೊತ್ತಾಗಲಿಲ್ಲ. ಬೀದಿಯೆಲ್ಲ ನಿಶ್ಶಬ್ದವಾಗಿದ್ದಾಗ ನಮ್ಮ ಮನೆಯಿಂದ ಹೆಣ್ಣಿನ ದೊಡ್ಡ ದನಿ ಎದ್ದರೆ ಜನ ಏನೆಂದುಕೊಳ್ಳುತ್ತಾರೆ? ಎಂಬತ್ತೆರಡು ವರ್ಷದ ನಮ್ಮತ್ತೆ ಹೋದರೆಂದೇ ತಿಳಿದರು! ಹಿಟ್ಟು ಬೀಸಿಸಲು ಕಾದಿದ್ದವರು ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದರು. ಎದುರಿನ ದುರುಗಣ್ಣ ಆಗಲೇ ಯಾರನ್ನೋ ಹೂವಿನ ಹಾರಕ್ಕೆ ಕಳಿಸಿದ್ದನಂತೆ. ನಮ್ಮನೆಯವರು ಅಂಗಡಿಯ ಶೆಟರ್ ಅರ್ಧ ಎಳೆದು ಬರಿಗಾಲಲ್ಲೇ ಬಂದಿದ್ದರು.

ನಾನು ಬಾಗಿಲು ತೆಗೆದಾಗ ಪಡಸಾಲೆ ತುಂಬ ಜನ. ನಡುವೆ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. “ನಾನಿನ್ನೂ ಹೋಗಿಲ್ರಪ್ಪ, ಕುಂದುರ್ರಿ, ಚಾ ಕುಡಿದು ಹೋಗ್ರಿ” ಅಂದರು. ದುರುಗಣ್ಣ ಅತ್ತೆಯ ಕಡೆ ತಿರುಗಿ, “ಅಲ್ಲ ಕಸ್ತೂರಮ್ಮಾರೆ, ಮತ್ತೆ ಅತ್ತಿದ್ಯಾರು?” ಅಂದ. ನಮ್ಮನೆಯವರು ನನ್ನ ಕಡೆ ನೋಡದೆ, “ಟೀವಿ” ಅಂದರು. “ಕರೆಂಟ್ ಇಲ್ದಂಗೆ ಓಡೋ ಟೀವಿ ಎಲ್ಲಿ ತಂದ್ರಿ ಸಾವ್ಕಾರ್ರೆ, ನಮಗೂ ಒಂದ್ ಕೊಡಿಸ್ರಿ” ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು. ನಾನು ಚಹಾಕ್ಕೆ ನೀರಿಟ್ಟೆ.

ಮಧ್ಯಾಹ್ನ ಊಟ ಮಾಡದೆ ನಮ್ಮನೆಯವರು ಕೈ ಚಾಚಿದರು. ಫೋನು ಕೊಟ್ಟೆ. “ಎಂ.ಎ. ಓದಿದೋಳು ನೀನು” ಎಂದಷ್ಟೇ ಅಂದರು. ಅತ್ತೆ ಮಾತ್ರ ಸಂಜೆ ಹತ್ತಿರ ಕರೆದು, “ನಾನು ಹೋದಾಗ್ಲೂ ಹಂಗೇ ಹಾಡ್ತೀಯೇನೇ?” ಎಂದು ಕೇಳಿದರು. ಹೂಂ ಅಂದೆ. ಆ ಹಿರಿಜೀವದ ಸಾವಿಗೆ ಕಾಯುವವಳಂತೆ ಹೂಂ ಅಂದುಬಿಟ್ಟೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಇನ್ನು ಹಾಡು ಕಳಿಸಬೇಡ. ಸಿಟ್ಟಾಗಬೇಡ.

ನಿನ್ನ
ಪುಷ್ಪಾವತಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಂದು ಸುಳ್ಳನ್ನು ತಿದ್ದಬೇಕು. ಗಿರಣಿ ನಿಂತದ್ದು ನನಗೆ ಗೊತ್ತಾಗಲಿಲ್ಲ ಎಂದು ಬರೆದೆ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆನಲ್ಲ, ಅದರ ನಡುಕ ನಿಂತದ್ದು ಬೆನ್ನಿಗೆ ತಿಳಿದಿತ್ತು. ಹಾಡಿನ ಕೊನೆಯ ಭಾಗ ಬಾಕಿಯಿತ್ತು, ಜ್ಯೋತಿ. ನಾನು ನಿಲ್ಲಿಸಲಿಲ್ಲ.

ಹೆಸರು ಹಾಕಿಸಬೇಡ ಎಂಬ ಸಾಲನ್ನು ಹೊಡೆದು ಹಾಕಲೋ ಬೇಡವೋ ಎಂದು ಪೆನ್ನು ಹಿಡಿದು ಕೂತಿದ್ದೆ. ಅಷ್ಟರಲ್ಲಿ ತಿಪ್ಪಮ್ಮ ನಮ್ಮ ಜೋಳದ ಹಿಟ್ಟಿನ ಡಬ್ಬಿ ಕೊಡಲು ಬಂದಳು. ಗುರುವಾರ ಓಡಿ ಬಾರದವಳು ಅವಳೊಬ್ಬಳೇ. ಒಳಗೆ ಕರೆದರೂ ಬರದೆ ಬಾಗಿಲಲ್ಲೇ ನಿಂತು ಹೇಳಿದಳು: “ನಂಗೊತ್ತಿತ್ತು ಬಿಡ್ರಿ ಅಕ್ಕಾರೆ, ಅದು ಸತ್ತೋರ ಮುಂದಿನ ದನಿ ಅಲ್ಲ ಅಂತ. ಗೋಡೆಗಂಟಿ ನಿಲ್ಲೋಳಿಗೆ ಮಿಷನ್ ಸದ್ದಿನಾಗೂ ದಿನಾ ಕೇಳ್ತಿತ್ತಲ್ಲ. ಹಿಟ್ಟು ಮುಗಿದ್ರೂ ನಿಮ್ಮ ಹಾಡು ಮುಗಿಯೋಗಂಟ ಖಾಲಿ ಓಡಿಸ್ತಿದ್ದೆ. ಖಾಲಿ ಓಡಿ ಓಡಿ ಕಲ್ಲು ಸವೆದೋದ್ವು. ನಾಳೆಯಿಂದ ಹದಿನೈದು ದಿನ ಗಿರಣಿ ಬಂದ್. ಅಲ್ಲೀಗಂಟ ನೀವೂ ಬಾಯಿ ಮುಚ್ಚಿಕೊಂಡೇ ಇರ್ತೀರೇನ್ರಿ?”