ಅರಳೆಯಲ್ಲಿ ಉಳಿದ ಬೀಜ

ಜನ್ನಾಪುರ, ಭದ್ರಾವತಿ
೧೮ ನವೆಂಬರ್ ೨೦೦೪, ಗುರುವಾರ

ಪ್ರೀತಿಯ ತಂಗಿ ಶಕುಂತಲೆಗೆ ನಿನ್ನ ಅಕ್ಕ ಹಾಲಮ್ಮ ಮಾಡುವ ಆಶೀರ್ವಾದಗಳು.

ನಿಮ್ಮ ಭಾವನ ಮಂಡಿನೋವೊಂದು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ರಂಜಿನಿಗೆ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದು ನೀನು ಕಾಗದ ಬರೆದು ಒಂದೂವರೆ ವರ್ಷವಾಯಿತು. ನಾಳೆ ಬರೆದರಾಯಿತು ಎಂದು ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೆ. ಕ್ಯಾಲೆಂಡರ್ ಬದಲಾಯಿತು, ಕಾಗದ ಅಲ್ಲೇ ಇದೆ. ಬೈಯುವುದಿದ್ದರೆ ಬೈದುಬಿಡು. ಫೋನಿನಲ್ಲಿ ಹೇಳಲು ನನಗೆ ಧೈರ್ಯವಾಗಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಶಕು, ಅಮ್ಮನ ಹತ್ತಿ ಗಿಡವನ್ನು ನಾನು ಕಿತ್ತು ಸುಟ್ಟುಬಿಟ್ಟೆ.

ನನ್ನ ಮದುವೆಯ ದಿನ ಅಮ್ಮ ಸೆರಗಿಗೆ ಹಾಕಿದ ಒಂದು ಹಿಡಿ ಬೀಜದಿಂದ ಬಂದ ಗಿಡ ಅದು. ಬೀಜ ಕೊಡುವವಳು ಎರಡೂ ಕೈಯಲ್ಲಿ ಕೊಡಬೇಕು, ಪಡೆಯುವವಳು ಸೆರಗು ಒಡ್ಡಬೇಕು, ನಡುವೆ ನೆಲಕ್ಕೆ ಇಡಬಾರದು ಎನ್ನುತ್ತಿದ್ದಳಲ್ಲ, ಹಾಗೆಯೇ ಕೊಟ್ಟಿದ್ದಳು. ಐದಾರು ವರ್ಷಕ್ಕೆ ಗಿಡ ಮುಪ್ಪಾದರೆ ಅದರದೇ ಬೀಜವನ್ನು ಮತ್ತೆ ಊರುತ್ತಿದ್ದೆ. ಕಾರ್ತಿಕದ ದೀಪಕ್ಕೆ ಈ ಮನೆಗೆ ಅಂಗಡಿಯ ಬತ್ತಿ ಬಂದದ್ದೇ ಇಲ್ಲ.

ಎರಡು ವರ್ಷದಿಂದ ನನ್ನ ಮೈದುನ ಪರಮೇಶ್ ಪಕ್ಕದ ಖಾಲಿ ಸೈಟಿನಲ್ಲಿ ಬಿಟಿ ಹತ್ತಿ ಹಾಕುತ್ತಿದ್ದಾನೆ. "ಕಾಯಿಗೆ ಹುಳಾನೇ ಬೀಳಲ್ಲ ಅತ್ತಿಗೆ, ಬೀಜದೊಳಗೇ ಮದ್ದು ಇಟ್ಟಿದಾರೆ" ಅಂದ. ಬೀಜದೊಳಗೆ ಮದ್ದು ಇಡುವುದು ಹೇಗಪ್ಪಾ ಎಂದರೆ, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಒಂದು ಜೀವಿಯ ಗುಣ ತೆಗೆದು ಹತ್ತಿಗೆ ಸೇರಿಸಿದ್ದಾರಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಮನುಷ್ಯರ ಕೈ ಅಷ್ಟು ಒಳಗೆ ಹೋಗುತ್ತದೆಯೇ ಎಂದು ಆ ದಿನವೆಲ್ಲ ಅದೇ ಯೋಚನೆ.

ಆಮೇಲೆ ನಿಮ್ಮ ಭಾವ ಬಸ್ ಸ್ಟಾಂಡಿನ ಹತ್ತಿರ ಯಾವುದೋ ಸಭೆ ಕೇಳಿಕೊಂಡು ಬಂದರು. ಅದರ ಹೂಪುಡಿ ಸೋಕಿದರೆ ಊರ ಬೀಜವೆಲ್ಲ ಬಂಜೆಯಾಗುತ್ತದಂತೆ ಎಂದರು. ಅಲ್ಲಿಂದ ನನಗೆ ನೆಮ್ಮದಿಯೇ ಹೋಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾವಿಕಟ್ಟೆಯ ಮೇಲೆ ಕೂತರೆ, ಜೇನುಹುಳ ಮೈಯೆಲ್ಲ ಪುಡಿ ಬಳಿದುಕೊಂಡು ಆ ಹೂವಿನಿಂದ ನಮ್ಮ ಹೂವಿಗೆ ಬರುವುದು ಕಾಣುತ್ತಿತ್ತು. ನಾವು ಕಟ್ಟಿದ ಕಾಂಪೌಂಡು ಅದಕ್ಕೆ ಲೆಕ್ಕಕ್ಕೇ ಇಲ್ಲ. ಮಾರನೇ ದಿನ ಅರಳುವ ಮೊಗ್ಗುಗಳನ್ನು ಗುರುತು ಮಾಡಿ, ಅರಳದ ಹಾಗೆ ಒಂದೊಂದರ ಮೂತಿಗೂ ದಾರ ಕಟ್ಟಿದೆ. ಹುಳ ಒಳಗೆ ಹೋಗದಿದ್ದರೆ ಹೂವು ತನ್ನ ಪುಡಿಯಿಂದಲೇ ಕಾಯಿ ಕಟ್ಟುತ್ತದೆ. ನಿಮ್ಮ ಭಾವ "ಏನೇ ಮಾರಾಯ್ತಿ, ಹೂವಿಗೂ ತಾಳಿ ಕಟ್ತಿದೀಯಾ" ಎಂದು ನಕ್ಕರು.

ಒಂದು ಸಂಜೆ ನೋಡುತ್ತೇನೆ, ದಾರ ಕಟ್ಟಿದ ಹೂವುಗಳೇ ಕೆಂಪಾಗಿವೆ. ನಮ್ಮದು ಅಮ್ಮನ ಕಾಲದಿಂದ ಅರಿಸಿನ ಬಣ್ಣದ ಹೂವು. ಪರಮೇಶನ ಹೂವು ಬೆಳಿಗ್ಗೆ ಬಿಳಿ, ಸಂಜೆಗೆ ಕೆಂಪು. ಅದು ಬಂದು ನಮ್ಮ ಗಿಡದ ರಕ್ತಕ್ಕೇ ಸೇರಿತು ಎಂದುಕೊಂಡೆ. "ಯಾರನ್ನಾದ್ರೂ ಕೇಳೋಣ, ತಡಿಯೇ" ಎಂದರು ನಿಮ್ಮ ಭಾವ. ನಾನು ತಡೆಯಲಿಲ್ಲ. ಬೆರಕೆ ಬೀಜವನ್ನು ಅಮ್ಮನ ಹೆಸರಿನಲ್ಲಿ ಯಾರ ಸೆರಗಿಗೂ ಹಾಕಬಾರದು ಎಂದು ಗಿಡವನ್ನು ಬುಡಸಮೇತ ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಹೋದ ವರ್ಷ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಿದ್ದ ಬೀಜವನ್ನೂ ಸುರಿದೆ. ಆ ಉರಿಗೆ ಕಾದ ನೀರಿನಲ್ಲಿ ಸ್ನಾನ ಮಾಡಿಕೊಂಡು ಬಂದು ಅತ್ತುಬಿಟ್ಟೆ.

ಹೋದ ಭಾನುವಾರ ರಂಜಿನಿ ಹಬ್ಬದ ಕಜ್ಜಾಯ ತಂದಿದ್ದಳಲ್ಲ, ಅವಳಿಗೆ ಎಲ್ಲ ಹೇಳಿದೆ. ಹುಡುಗಿ ತಲೆ ಮೇಲೆ ಕೈ ಹೊತ್ತು ಕೂತಳು.

"ಅಯ್ಯೋ ದೊಡ್ಡಮ್ಮ, ಸಂಜೆಗೆ ಬಾಡೋ ಹತ್ತಿ ಹೂವೆಲ್ಲ ಕೆಂಪಾಗುತ್ತೆ. ನಿಮ್ದೂ ಮೊದಲಿಂದ ಆಗ್ತಿತ್ತು, ನೀವು ನೋಡಿರಲಿಲ್ಲ ಅಷ್ಟೆ."

ನಿಜ. ನಾನು ಗಿಡದ ಹತ್ತಿರ ಹೋಗುತ್ತಿದ್ದದ್ದು ಬೆಳಿಗ್ಗೆ ನೀರು ಹಾಕಲು, ಮತ್ತೆ ಕಾಯಿ ಒಡೆದ ಮೇಲೆ. ಸಂಜೆಯ ಹೂವನ್ನು ಮೂವತ್ತೊಂದು ವರ್ಷ ಕಣ್ಣೆತ್ತಿ ನೋಡಿರಲಿಲ್ಲ.

"ಬಂಜೆ ಆಗುತ್ತೆ ಅನ್ನೋದೂ ಸುಳ್ಳು. ಬೆರಕೆ ಆಗೋದು ನಿಜ, ಬಿಟಿ ಹತ್ತಿ ಜಾತಿದೇ ಬೀಜ ಇಟ್ಕೊಂಡೋರು ಹುಷಾರಾಗಿರ್ಬೇಕು. ಆದ್ರೆ ಅಜ್ಜಿದು ನಾಡಹತ್ತಿ. ಅದರ ಕಣದೊಳಗೆ ಹದಿಮೂರು ಜೋಡಿ ದಾರದಂಥವು ಇರುತ್ತೆ. ಬಿಟಿದು ಇಪ್ಪತ್ತಾರು ಜೋಡಿ. ಲೆಕ್ಕಾನೇ ಕೂಡಲ್ಲ ದೊಡ್ಡಮ್ಮ. ಅಪ್ಪಿತಪ್ಪಿ ಸೇರಿದ್ರೂ ಮುಂದಕ್ಕೆ ಹೋಗಲ್ಲ."

ನಾನು ದಾರ ಕಟ್ಟುವ ಮೊದಲೇ ಗಿಡ ತನ್ನ ಒಳಗೆ ಕಟ್ಟಿಕೊಂಡು ಕೂತಿತ್ತಂತೆ, ಶಕು. ಯಾರು ಎಣಿಸಿಟ್ಟರು ಅದನ್ನು? ಅಮ್ಮನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ, ಜೇನುಹುಳಕ್ಕೂ ಗೊತ್ತಿರಲಿಲ್ಲ. ಆಮೇಲೆ ಬಚ್ಚಲ ಒಲೆ ನೆನಪಾಗಿ ಅಳು ಬಂತು.

ಆಗ ಅವಳು ಹೇಳಿದಳು, "ಅಳ್ತೀರ ಯಾಕೆ? ನಮ್ಮ ಹಿತ್ತಲಲ್ಲಿ ಇದೆಯಲ್ಲ ಅಜ್ಜಿ ಗಿಡ."

ನಾನು ನಂಬಲಿಲ್ಲ. ನಿನಗೆ ಬೀಜ ಎಲ್ಲಿಂದ ಬರಬೇಕು? ನಿನ್ನ ಯಜಮಾನರು ತೀರಿಕೊಂಡ ವರ್ಷ ನೀನು ಇಲ್ಲಿಗೆ ಬಂದು ಸೆರಗು ಒಡ್ಡಿದ್ದು ನನಗೆ ಮರೆತಿಲ್ಲ. ಮುತ್ತೈದೆಯ ಕೈಯಿಂದ ಮುತ್ತೈದೆಯ ಸೆರಗಿಗೇ ಹೋಗಬೇಕೆಂದು ನಮ್ಮತ್ತೆ ಹೇಳುತ್ತಾರೆ ಎಂದು ಹೊಸ್ತಿಲಲ್ಲೇ ನಿನ್ನನ್ನು ನಿಲ್ಲಿಸಿದ್ದೆ. ಬರಿಗೈಯಲ್ಲಿ ಕಳಿಸಲಾರದೆ, ಬತ್ತಿಗೆಂದು ಬೀಜ ಬಿಡಿಸಿಟ್ಟ ಅರಳೆ ಒಂದು ಹಿಡಿ ಕೊಟ್ಟಿದ್ದೆ.

"ಆ ಅರಳೆಯಲ್ಲೇ ಒಂದು ಬೀಜ ಇತ್ತಂತೆ" ಎಂದಳು ರಂಜಿನಿ. "ಅಕ್ಕ ಅವರತ್ತೆ ಕಣ್ತಪ್ಪಿಸಿ ಬೇಕಂತಲೇ ಇಟ್ಟಿದ್ಲು ಅಂತ ಅಮ್ಮ ಈಗಲೂ ಹೇಳ್ತಿರ್ತಾಳೆ. ಆ ಗಿಡ ಹೋದ್ಮೇಲೆ ಅದರ ಬೀಜದ್ದು, ಈಗಿರೋದು ಮೂರನೇದು."

ಒಂದು ಬೀಜ. ಹನ್ನೆರಡು ವರ್ಷ. ನಾನು ಡಬ್ಬಿಗಟ್ಟಲೆ ಇಟ್ಟುಕೊಂಡು ಕಳೆದೆ, ನೀನು ಒಂದರಿಂದ ಉಳಿಸಿದೆ. ಆ ಅರಳೆಯನ್ನು ಹಾಗೇ ಹೊಸೆದು ದೀಪಕ್ಕೆ ಇಟ್ಟಿದ್ದರೆ ಅಮ್ಮನ ಹತ್ತಿ ಅಂದೇ ಉರಿದುಹೋಗುತ್ತಿತ್ತು. ಅದು ನಿನ್ನ ಬೆರಳಿಗೆ ತಗುಲಿದ್ದು ಹೇಗೆ ಎಂದು ನಾಲ್ಕು ದಿನದಿಂದ ಕೂತಲ್ಲಿ ನಿಂತಲ್ಲಿ ಅದೇ ನೆನಪು. ರವೀಂದ್ರನಗರದ ನಿನ್ನ ಮನೆಗೆ ಇಷ್ಟು ವರ್ಷದಲ್ಲಿ ಎರಡು ಸಲ ಬಂದಿದ್ದೇನೆ, ಎರಡು ಸಲವೂ ಹಿತ್ತಲಿಗೆ ಬರದೆ ಹೊರಟೆ. ನಿನ್ನ ಎದುರು ಹೆಚ್ಚು ಹೊತ್ತು ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಕೈಯಿಂದಲೇ ಬೀಜ ಬೇಕು. ನೀನು ಎರಡೂ ಕೈಯಲ್ಲಿ ಹಾಕು, ನಾನು ಸೆರಗು ಒಡ್ಡುತ್ತೇನೆ. ಮುಂದೆ ರಂಜಿನಿಯ ಮದುವೆಯಲ್ಲೂ ನೀನೇ ಹಾಕಬೇಕು, ಬೇರೆಯವರಲ್ಲ. ನಿನ್ನ ಮನೆಯಲ್ಲಿ ದೀಪ ಸದಾ ಬೆಳಗುತ್ತಿರಲಿ, ಮಗಳ ಕೈಗೆ ಒಳ್ಳೆಯ ವಿದ್ಯೆ ಹತ್ತಲಿ.

ನಿನ್ನ ಅಕ್ಕ,
ಹಾಲಮ್ಮ

ತಾ.ಕ.: ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ಅತ್ತೆ ಅಂದು ಏನೂ ಹೇಳಿರಲಿಲ್ಲ, ಶಕು. ಜ್ವರ ಬಂದು ಒಳಗೆ ಮಲಗಿದ್ದರು, ನೀನು ಬಂದದ್ದೇ ಅವರಿಗೆ ಗೊತ್ತಿಲ್ಲ. ಮಾತು ನನ್ನದು. ಆ ವಾರ ನಿಮ್ಮ ಭಾವ ಕೆಲಸದಲ್ಲಿ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದರು. ನಿನ್ನ ಬರಿಹಣೆ ನೋಡಿ ನನಗೆ ಹೆದರಿಕೆಯಾಯಿತು. ಅತ್ತೆಯೇ ಹೇಳಿದ್ದೆಂಬ ಸಿಟ್ಟಿಗೆ, ಅವರು ತೀರಿಕೊಂಡಾಗ ನೀನು ಮಣ್ಣಿಗೂ ಬರಲಿಲ್ಲ. ಕೊನೆಯಲ್ಲಿ ಅವರು "ಶಕುಂತಲಾ ಬರ್ಲಿಲ್ವಾ" ಎಂದು ಎರಡು ಸಲ ಕೇಳಿದ್ದರು. ಇನ್ನೊಂದು, ಆ ಬೀಜವನ್ನು ನಾನು ಬೇಕೆಂದು ಇಟ್ಟದ್ದಲ್ಲ. ಬಿಡಿಸುವಾಗ ಕೈತಪ್ಪಿ ಉಳಿದದ್ದು. ಕಣ್ಣಿಗೆ ಬಿದ್ದಿದ್ದರೆ ಅದನ್ನೂ ತೆಗೆದಿಟ್ಟುಕೊಂಡೇ ಅರಳೆ ಕೊಡುತ್ತಿದ್ದೆ. ಇದನ್ನು ಓದಿದ ಮೇಲೂ ಕೊಡುವ ಮನಸ್ಸಿದ್ದರೆ, ಸೋಮವಾರ ಹಿತ್ತಲ ಬಾಗಿಲು ತೆಗೆದಿಟ್ಟಿರು.