ಮಾತಾಡಿಸಬಾರದ ಹೊತ್ತು

ಫೆಬ್ರವರಿ 9, ಬೆಳಿಗ್ಗೆ 6

ಮತ್ತೆ ನಿದ್ದೆ ಇಲ್ಲ. ಹನ್ನೊಂದು ಪಿಚರ್‌ಗಳು, ಚೆಂಡೆಸೆಯುವ ಹನ್ನೊಂದು ಮೊಣಕೈ. ಒಂದೊಂದಕ್ಕೂ ಒಂದೊಂದು ದಿಗಿಲು. ನಿನ್ನೆ ಅಭ್ಯಾಸದಲ್ಲಿ ಆಂದ್ರೆ ಪ್ರೆಜೀನ್ ನಲವತ್ತು ಚೆಂಡು ಎಸೆದ. ಚೆನ್ನಾಗಿಯೇ ಎಸೆದ. ಅದೇ ಚಿಂತೆ... ಚೆನ್ನಾಗಿ ಎಸೆಯುವವನಿಂದಲೇ ಎಲ್ಲರೂ ಹೆಚ್ಚು ಎಸೆಸುತ್ತಾರೆ. ನನ್ನಿಂದಲೂ ಎಸೆಸಿದರು. ಇಪ್ಪತ್ತನೇ ವಯಸ್ಸಿಗೆ ಮೊಣಕೈ ಹೋಯಿತು, ಅದರ ಹಿಂದೆಯೇ ಓದು. ಈಗ ಕಾಲೇಜಿನಲ್ಲೇ ಬೇಸ್‌ಬಾಲ್ ಎಸೆಯಲು ಕಲಿಸುವ ಕೆಲಸ — ಡಿಗ್ರಿಯ ಎರಡನೇ ವರ್ಷ ದಾಟದವನಿಗೆ.

ನಿನ್ನೆ ಮುಖ್ಯ ಕೋಚ್ ಮ್ಯಾಕ್‌ಲೆಂಡನ್ ಹೇಳಿದ: "ಡೇಲ್, ನಿನ್ ಮುಖ ನೋಡಿದ್ರೆ ನಮ್ ಹುಡುಗರ ಹೊಟ್ಟೆ ಕೆಡತ್ತೆ. ಸ್ವಲ್ಪ ನಗಯ್ಯ."

ನಕ್ಕೆ.

"ಬೇಡ, ಮುಂಚಿಂದೇ ವಾಸಿ."

ಫೆಬ್ರವರಿ 27

ಆಂದ್ರೆಯ ತಾಯಿ ಬಂದಿದ್ದರು, ಊರಿಗೆಲ್ಲ ಮಿಸ್ ಓಡೀಲ್. ಮನೆಯಲ್ಲಿ ಮಾಡಿದ ಬೂಡಾನ್ ಸಾಸೇಜು ತಂದಿದ್ದರು. ಶಾಲಾ ಬಸ್ಸು ಓಡಿಸುವವರು. ಹಿಂದಿನ ಸೀಟಿನ ತುಂಟರನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಕೋಚ್, ನೋವಾದ್ರೆ ಬಾಯಿ ಬಿಡೋನಲ್ಲ ಇವನು. ಇವರಪ್ಪನೂ ಹಂಗೇ ಇದ್ದ. ನೀವೇ ಹೋಗಿ ಕೇಳ್ಬೇಕು."

"ಕೇಳ್ತೀನಿ, ಮಿಸ್ ಓಡೀಲ್."

"ಎದುರಿಗೆ ನಿಂತು ಕೇಳಿ. ಎದುರಿಗಿದ್ರೆ ಸುಳ್ಳು ಹೇಳಕ್ಕೆ ಬರಲ್ಲ ಅವನಿಗೆ."

ಮಾತು ಕೊಟ್ಟೆ.

ಮಾರ್ಚ್ 22, ಸಂಜೆ

ಆದದ್ದನ್ನು ಆದ ಹಾಗೆ ಬರೆಯಬೇಕು.

ಟೆಕ್ಸಸ್‌ನಿಂದ ಬಂದ ತಂಡ. ಆರು ಇನಿಂಗ್ಸ್ ಮುಗಿದರೂ ಆಂದ್ರೆಯ ಎಸೆತವನ್ನು ಹೊಡೆದು ಓಡಲು ಅವರಿಗೆ ಆಗಿರಲಿಲ್ಲ, ಒಂದೂ ಹಿಟ್ ಇಲ್ಲ. ಆಟದ ಒಂಬತ್ತು ಇನಿಂಗ್ಸೂ ಹೀಗೇ ಮುಗಿದರೆ ಹುಡುಗನ ಹೆಸರು ಕಾಲೇಜಿನ ಗೋಡೆಯ ಮೇಲೆ. ಇಂಥ ಹೊತ್ತಲ್ಲಿ ಪಿಚರ್‌ನನ್ನು ಯಾರೂ ಮಾತಾಡಿಸುವುದಿಲ್ಲ. ಪಕ್ಕ ಕೂರುವುದಿಲ್ಲ. ಆಗುತ್ತಿರುವುದರ ಹೆಸರೆತ್ತುವುದೂ ಇಲ್ಲ, ಎತ್ತಿದರೆ ಕೆಡುತ್ತದೆ ಎಂಬ ನಂಬಿಕೆ. ನಾನು ಆಡುವಾಗಲೂ ಹೀಗೇ. ಬೆಂಚಿನ ತುದಿಯಲ್ಲಿ ಅವನೊಬ್ಬನೇ, ಸೂತಕದವನ ಹಾಗೆ.

ಏಳನೆಯದು ಮುಗಿಸಿ ಬಂದ. ಅಲ್ಲಿಗೆ ತೊಂಬತ್ತೆಂಟು ಎಸೆತ. ಕೂತು ಬಲಗೈ ಬೆರಳು ಮಡಚಿದ, ಬಿಡಿಸಿದ. ಮತ್ತೆ ಮಡಚಿದ. ಆಮೇಲೆ ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟ. ನೋಡಿದೆ. ಎದ್ದೆ. ಎರಡು ಹೆಜ್ಜೆ ಇಟ್ಟೆ.

ಕ್ಯಾಚರ್ ಬಾಯ್ಡ್ ನನ್ನ ತೋಳು ಹಿಡಿದ. "ಎಲ್ಲಿಗೆ, ಕೋಚ್?"

"ನೀರು ಕುಡಿಯೋಕೆ."

"ನೀರು ಆ ಕಡೆ ಇದೆ."

ಆ ಕಡೆ ಹೋದೆ. ಕುಡಿದೆ. ಬಂದು ಕೂತೆ.

ಕೊನೆಗೆ ನೂರಿಪ್ಪತ್ತೆರಡು ಎಸೆತ. ಒಂದೂ ಹಿಟ್ ಇಲ್ಲ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಮ್ಯಾಕ್‌ಲೆಂಡನ್ ಟೋಪಿಯಲ್ಲಿ ಕಣ್ಣೊರೆಸಿಕೊಂಡ. ಆಂದ್ರೆ ಎಲ್ಲರನ್ನೂ ಎಡಗೈಯಲ್ಲೇ ಅಪ್ಪಿಕೊಂಡ.

ಮಾರ್ಚ್ 23

"ಕೈ ಸ್ವಲ್ಪ ಬಿಗಿ ಅಷ್ಟೆ, ಕೋಚ್." ಆಂದ್ರೆ ಫೋನಿನಲ್ಲಿ ಹೇಳಿದ. ಎದುರಿಗಲ್ಲ.

ಏಪ್ರಿಲ್ 3

ಇಷ್ಟು ದಿನ ಈ ಡೈರಿ ತೆರೆಯಲು ಧೈರ್ಯ ಬಂದಿರಲಿಲ್ಲ. ಇವತ್ತು ಡಾಕ್ಟರು ಆಂದ್ರೆಯ ಸ್ಕ್ಯಾನ್ ತೋರಿಸಿದರು. ಮೊಣಕೈಯ ಲಿಗಮೆಂಟು ಹರಿದಿದೆ. ಆಪರೇಷನ್. ವರ್ಷಕ್ಕೂ ಮೇಲೆ ಎಸೆಯುವಂತಿಲ್ಲ. ಆಮೇಲೂ... ಡಾಕ್ಟರು ಪೂರ್ತಿ ಹೇಳಲಿಲ್ಲ.

ಹೊರಗೆ ಆಂದ್ರೆ ಕೂತಿದ್ದ.

"ಯಾವಾಗ ಶುರುವಾಯ್ತಪ್ಪ?"

"ಏಳನೇದ್ರಲ್ಲಿ. ಟಪ್ ಅಂತು."

"ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಹತ್ರ ಯಾರೂ ಇರ್ಲಿಲ್ಲ. ನೀವು ಎದ್ರಲ್ಲ, ಕೋಚ್. ಬರ್ತೀರ ಅಂದ್ಕೊಂಡೆ. ಬರದೇ ಇದ್ರೆ ಸಾಕಪ್ಪ ಅಂತಾನೂ ಬೇಡ್ಕೊಂಡೆ."

ನಕ್ಕ. ನಗಬಾರದಿತ್ತು.

ಏಪ್ರಿಲ್ 4

ಮ್ಯಾಕ್‌ಲೆಂಡನ್ ಬಾಗಿಲು ಹಾಕಿಕೊಂಡು ಹೇಳಿದ: "ನಾಳೆ ಅವರಮ್ಮ ಬರ್ತಾರೆ. ಹುಡುಗ ಹೇಳ್ಲಿಲ್ಲ, ನಮಗೆ ಗೊತ್ತಾಗ್ಲಿಲ್ಲ. ಅಷ್ಟು ಹೇಳಿ ಸುಮ್ನಿರು. ಮೊದಲನೇದು ನಿಜ ತಾನೇ?"

"ಎರಡನೇದು?"

"ಡೇಲ್, ಡಿಗ್ರಿ ಇಲ್ದೋನ್ನ ಇನ್ಯಾವ ಕಾಲೇಜು ಇಟ್ಕೊಳ್ಳತ್ತೆ, ಯೋಚನೆ ಮಾಡು."

ಬೆದರಿಸಲಿಲ್ಲ. ಕನಿಕರದಿಂದಲೇ ಹೇಳಿದ. ಅದಕ್ಕೇ ಹೆಚ್ಚು ಹೆದರಿಕೆ.

ಏಪ್ರಿಲ್ 5, ಬೆಳಿಗ್ಗೆ 10:40

ಹನ್ನೊಂದಕ್ಕೆ ಬರುತ್ತಾರೆ. ಬರೆದುಕೊಂಡರೆ ತೊದಲುವುದಿಲ್ಲ.

ಮಿಸ್ ಓಡೀಲ್, ನನಗೆ ತುಂಬಾ ಬೇಜಾರಾಗಿದೆ — ಬೇಡ. ನನ್ನ ಬೇಜಾರು ಕಟ್ಟಿಕೊಂಡು ಅವರಿಗೇನು. ಮಿಸ್ ಓಡೀಲ್, ನಮ್ಮ ಆಟದಲ್ಲಿ ಒಂದು ಪದ್ಧತಿ... ಹೊಡೆದುಹಾಕಿದೆ. ಹುಡುಗ ಹೇಳಲಿಲ್ಲ... ಅದನ್ನೂ ಹೊಡೆದೆ.

ಮೆಟ್ಟಿಲ ಮೇಲೆ ಹೆಜ್ಜೆ. ಮುಂಚೆಯೇ ಬಂದುಬಿಟ್ಟರು. ಆಚೆ ಕೋಣೆಯಲ್ಲಿ ಮ್ಯಾಕ್‌ಲೆಂಡನ್ "ಬನ್ನಿ, ಬನ್ನಿ" ಎನ್ನುತ್ತಿದ್ದಾನೆ.

ಮಿಸ್ ಓಡೀಲ್, ಏಳನೇ ಇನಿಂಗ್ಸ್ ಆದಾಗ ನಾನು ನೋಡಿದೆ. ಎದ್ದೆ. ಎದ್ದವನು ಅವನ ಹತ್ತಿರ ಹೋಗದೆ ನೀರಿನ ಕಡೆ ಹೋದೆ. ಇಷ್ಟನ್ನು ಅವರ ಎದುರಿಗೆ ನಿಂತೇ ಹೇಳಬೇಕು.