ನೀರು ಬಂದ್

14 ಅಕ್ಟೋಬರ್, ಮಂಗಳವಾರ. ಗಂಗಾವತಿ.

"ಭಾಳ ಓದ್ಯಾಳ" ಅಂದ್ರು ಅತ್ತಿ, ನನಗ. ಅದೂ ಮಂದಿ ಮುಂದ, ಹುಚ್ಚು ಹಿಡದೈತಿ ಅನ್ನೋ ದನಿಯಾಗ!

ಮೆದುಳಿನ ಎಂಆರ್ ಸ್ಪೆಕ್ಟ್ರೋಸ್ಕೋಪಿ ಸಂಶೋಧನಾಕ್ಕ ನಾವು ಕಟ್ಟಾಕತ್ತಿರೋ ಓಪನ್ ಸೋರ್ಸ್ ಸಾಫ್ಟ್‌ವೇರ್ ನೀರಿನ ಹತ್ರ ಸಿಕ್ಕೊಂಡು ಕುಂತೈತಿ. ಮೆದುಳಿನ್ಯಾಗಿನ ನೀರಿನ ಸಿಗ್ನಲ್ ಗುಡ್ಡದಂಗ ನಿಂತು, ಸ್ಕ್ಯಾನಿನ್ಯಾಗ ನಾವು ಹುಡುಕೋ ಉಳಿದ ರಾಸಾಯನಿಕಗಳ ಸಣ್ಣ ಸಿಗ್ನಲ್ ಎಲ್ಲ ಮುಚ್ಚತೈತಿ. ಅದಕ್ಕ ಮುಂಜಾನಿ ನಮ್ಮ ತಂಡದ ಗೋವಿಂದರಾಜ್ ಅವರಿಗೆ ಫೋನಿನ್ಯಾಗ ಒದರಿದೆ: "ಮೊದಲು ನೀರು ಪೂರ್ತಿ ಬಂದ್ ಮಾಡೂನ್ರಿ. ಒಂದು ಹನಿನೂ ಉಳೀಬಾರದು!"

ಅತ್ತಿ ಕೇಳಿಸಿಕೊಂಡ್ರು. ಸಂಜೀಕ ನಮ್ಮ ಕಟ್ಟಿ ತುಂಬ ಮಂದಿ. ಬಾಜು ಮನಿ ವೆಂಕೋಬ ಮಾಮಾ ಎಲ್ಲಾರ ಪರವಾಗಿ ಕೇಳಿದ್ರು: "ಯವ್ವಾ, ನೆಲ್ಲು ತೆನಿ ಕಟ್ಟಾಕತ್ತೈತಿ. ಈಗ ಕಾಲುವಿ ನೀರು ಬಂದ್ ಮಾಡಿದ್ರ ನಾವೇನು ಮಾಡೂನು?"

"ಕಾಲುವೀದಲ್ರಿ ಮಾಮಾ, ತಲ್ಯಾಗಿನ ನೀರು."

ಎಲ್ಲಾರೂ ಒಬ್ಬರ ತಲಿ ಒಬ್ಬರು ನೋಡಿದ್ರು. ಅತ್ತಿ ಆ ಮಾತು ಅಂದದ್ದು ಆಗ.

ಮಾಮಾ ಬಿಡಲಿಲ್ಲ. "ಯಾವ ನೀರರ ಇರ್ಲಿ. ಬಂದ್ ಆತೋ ಇಲ್ಲೋ?"

"ಇಲ್ರಿ. ಮುಂಜಾನಿಂದ ಹೆಣಗಾಡಾಕತ್ತೀನಿ, ಆಗವಲ್ದು."

"ಛಲೋ ಆತು!" ಮಾಮಾ ಕೈ ಮುಗಿದ್ರು. "ಅದು ಎಂದೂ ಬಂದ್ ಆಗದಂಗ ಮಾಡವ್ವ ಅಂತ ಈಗ ಹೋಗಿ ದುರುಗಮ್ಮಗ ಕಾಯಿ ಒಡಸ್ತೀನಿ."

ಒಡಿಸೇ ಬಂದ್ರು. ಅದರ ಪ್ರಸಾದ ನಮ್ಮ ಮನಿಗೂ ಬಂತು, ನಾನೂ ತಿಂದೆ.

ಈಗ ಗೋವಿಂದರಾಜ್ ಮೆಸೇಜ್ ಹಾಕ್ಯಾರ: "ನೀರು ಇನ್ನೂ ಹೋಗವಲ್ದು. ಏನು ಅಡ್ಡ ಬಂದೈತಿ, ತಿಳೀತೇನ್ರಿ?"

ತಿಳಿದೈತಿ. ಅವರಿಗೆ ಹ್ಯಾಂಗ ಬರೀಲಿ?